ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಲ್ಲದ ಬೆಲೆ, ಕಾಲ್ಪನಿಕ ಮೂಲ, ಕಟ್ಟು ನೀರು

ಈ ಸಂಚಿಕೆಗೆ ಆಯ್ದ ಪ್ರಶ್ನೆಗಳೆಲ್ಲ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದವು. ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಕಲಿಸುವ ಮೇಲ್ಮಟ್ಟದ ಗಣಿತ, ಅದರಲ್ಲೂ ಕಾಲದೊಂದಿಗೆ ಬದಲಾಗುವ ಚಲನಶೀಲ ಮಾದರಿಗಳು ಇವುಗಳ ವಿಷಯ. ಉತ್ತರಗಳಲ್ಲಿ ಬರುವ ಬೆಲೆ, ಪ್ರಮಾಣ ಇತ್ಯಾದಿ ಅಂಕಿಗಳನ್ನು ಲೆಕ್ಕ ಸಲೀಸಾಗಲೆಂದು ಇಟ್ಟುಕೊಂಡಿದ್ದೇನೆ. ಅವು ಮಾರುಕಟ್ಟೆಯ ದಾಖಲೆಗಳಲ್ಲ. ಪೆನ್ಸಿಲ್ ಹಿಡಿದು ಪ್ರತಿ ಹಂತವನ್ನೂ ಮಾಡಿ ನೋಡುತ್ತ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ ಬಿ.ಎ. ಮುಗಿಸಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿದ್ದೇನೆ. ಎಸ್ಸೆಸ್ಸೆಲ್ಸಿಯ ನಂತರ ಗಣಿತವನ್ನು ಮುಟ್ಟಿಲ್ಲ. ಬೇಡಿಕೆ ಮತ್ತು ಪೂರೈಕೆಯ ರೇಖೆಗಳು ಸೇರುವ ಬಿಂದುವೇ ಸಮತೋಲನ ಎಂದು ಕಲಿತಿದ್ದೇನೆ. ಆ ಬಿಂದು ಗೊತ್ತಾದ ಮೇಲೆ ವ್ಯತ್ಯಾಸ ಸಮೀಕರಣದಿಂದ ಹೆಚ್ಚಿಗೆ ತಿಳಿಯುವುದೇನು?
— ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಸಮತೋಲನದ ಬಿಂದು ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಮಾರುಕಟ್ಟೆ ಆ ಬಿಂದುವನ್ನು ತಲುಪುತ್ತದೆಯೇ ಎಂಬುದು ಮತ್ತೊಂದು ಪ್ರಶ್ನೆ. ನೀವು ಬಿ.ಎ.ಯಲ್ಲಿ ಬರೆದ ಚಿತ್ರ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಕಾಲವನ್ನು ಲೆಕ್ಕದೊಳಗೆ ತರಲೇಬೇಕು. ನಿಮ್ಮ ಪಕ್ಕದ ಜಿಲ್ಲೆಯ ಬೆಲ್ಲವನ್ನೇ ತೆಗೆದುಕೊಳ್ಳೋಣ. ಮಂಡ್ಯದ ರೈತ ಕಬ್ಬು ನಾಟಿ ಮಾಡುವ ದಿನದ ಬೆಲ್ಲದ ಬೆಲೆಗೂ, ಆ ಕಬ್ಬು ಆಲೆಮನೆಯ ಗಾಣಕ್ಕೆ ಬರುವ ದಿನದ ಬೆಲೆಗೂ ನಡುವೆ ಸುಮಾರು ಒಂದು ವರ್ಷದ ಅಂತರವಿದೆ. ಎಷ್ಟು ಬೆಳೆಯಬೇಕೆಂದು ತೀರ್ಮಾನಿಸುವಾಗ ಅವನ ಕಣ್ಣ ಮುಂದಿರುವುದು ಹಳೆಯ ಬೆಲೆ. ಮಾರುವಾಗ ಸಿಗುವುದು ಹೊಸ ಬೆಲೆ. ಈ ಅಂತರವೇ ವ್ಯತ್ಯಾಸ ಸಮೀಕರಣದ ಹುಟ್ಟು.

ಬೆಲೆಯನ್ನು ಕ್ವಿಂಟಾಲಿಗೆ ನೂರು ರೂಪಾಯಿಗಳ ಲೆಕ್ಕದಲ್ಲಿ ಅಳೆಯೋಣ. ಅಂದರೆ 40 ಎಂದರೆ 4,000 ರೂಪಾಯಿ. ಬೇಡಿಕೆಯ ಪ್ರಮಾಣ, 140ರಲ್ಲಿ ಈ ವರ್ಷದ ಬೆಲೆಯ ಎರಡರಷ್ಟನ್ನು ಕಳೆದಷ್ಟು ಇರಲಿ. ಪೂರೈಕೆಯ ಪ್ರಮಾಣ, 20ಕ್ಕೆ ಹಿಂದಿನ ವರ್ಷದ ಬೆಲೆಯನ್ನು ಕೂಡಿದಷ್ಟು ಇರಲಿ. ಎರಡೂ ವರ್ಷ ಬೆಲೆ ಒಂದೇ ಆಗಿದ್ದರೆ ಅದು 40 ಆಗಿರಬೇಕು, ಪ್ರಮಾಣ 60. ಇದು ನಿಮಗೆ ಗೊತ್ತಿರುವ ಸಮತೋಲನ. ಈಗ ಬೇಡಿಕೆ ಮತ್ತು ಪೂರೈಕೆಗಳನ್ನು ಸಮ ಮಾಡಿ ಈ ವರ್ಷದ ಬೆಲೆಗೆ ಬಿಡಿಸಿ: ಈ ವರ್ಷದ ಬೆಲೆ, 60ರಲ್ಲಿ ಹಿಂದಿನ ವರ್ಷದ ಬೆಲೆಯ ಅರ್ಧವನ್ನು ಕಳೆದಷ್ಟು. ಇಷ್ಟೇ ಸಮೀಕರಣ. ಯಾವುದೋ ಕಾರಣದಿಂದ ಒಂದು ವರ್ಷ ಬೆಲೆ 48ಕ್ಕೆ ಏರಿತು ಎನ್ನಿ. ಮುಂದಿನ ವರ್ಷ 36, ಅದರ ಮುಂದಿನ ವರ್ಷ 42, ಆಮೇಲೆ 39, ಆಮೇಲೆ 40.5. ಸಮತೋಲನದಿಂದ ಇರುವ ದೂರವನ್ನು ಮಾತ್ರ ಪಕ್ಕದಲ್ಲಿ ಬರೆದುಕೊಳ್ಳಿ: ಕೂಡು 8, ಕಳೆ 4, ಕೂಡು 2, ಕಳೆ 1, ಕೂಡು ಅರ್ಧ. ಪ್ರತಿ ವರ್ಷವೂ ಹಿಂದಿನ ದೂರವನ್ನು ಋಣ ಅರ್ಧದಿಂದ ಗುಣಿಸಿದಂತೆ. ಇದು ಪ್ರೌಢಶಾಲೆಯಲ್ಲಿ ಓದಿದ ಗುಣೋತ್ತರ ಶ್ರೇಢಿಯೇ. ನೀವು ಗಣಿತವನ್ನು ಬಿಟ್ಟ ಜಾಗದಿಂದಲೇ ಈ ವಿಷಯ ಶುರುವಾಗುತ್ತದೆ ಎಂದು ನಾನು ಧೈರ್ಯ ಹೇಳುವುದು ಇದೇ ಕಾರಣಕ್ಕೆ.

ಈಗ ರೈತರು ಬೆಲೆಗೆ ಇನ್ನೂ ಜೋರಾಗಿ ಓಗೊಡುತ್ತಾರೆ ಎಂದುಕೊಳ್ಳಿ. ಪೂರೈಕೆ, ಹಿಂದಿನ ಬೆಲೆಯ ಮೂರರಷ್ಟರಲ್ಲಿ 60 ಕಳೆದಷ್ಟು ಇರಲಿ. ಸಮತೋಲನ ಬೆಲೆ ಈಗಲೂ 40, ಪ್ರಮಾಣ ಈಗಲೂ 60. ನಿಮ್ಮ ಹಳೆಯ ಚಿತ್ರದಲ್ಲಿ ಆ ಬಿಂದು ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಆದರೆ ಸಮೀಕರಣ ಮಾತ್ರ ಬದಲಾಯಿತು: ಈ ವರ್ಷದ ಬೆಲೆ, 100ರಲ್ಲಿ ಹಿಂದಿನ ಬೆಲೆಯ ಒಂದೂವರೆಯಷ್ಟನ್ನು ಕಳೆದಷ್ಟು. ಬೆಲೆ 44ರಿಂದ ಹೊರಟರೆ ಮುಂದೆ 34, ಆಮೇಲೆ 49, ಆಮೇಲೆ 26.5. ದೂರ 4, 6, 9, 13.5 ಎಂದು ಹಿಗ್ಗುತ್ತಲೇ ಹೋಗುತ್ತದೆ. ಒಂದೇ ಸಮತೋಲನ ಬಿಂದುವಿರುವ ಎರಡು ಮಾರುಕಟ್ಟೆಗಳಲ್ಲಿ ಒಂದು ಅಲ್ಲಿಗೆ ಮರಳುತ್ತದೆ, ಇನ್ನೊಂದು ಅಲ್ಲಿಂದ ದೂರ ಓಡುತ್ತದೆ. ಈ ಭೇದವನ್ನು ರೇಖಾಚಿತ್ರದ ಬಿಂದು ಹೇಳಲಾರದು. ದೂರವನ್ನು ಗುಣಿಸುವ ಸಂಖ್ಯೆ ಹೇಳುತ್ತದೆ. ಚಿಹ್ನೆಯನ್ನು ಬದಿಗಿಟ್ಟು ನೋಡಿದಾಗ ಆ ಸಂಖ್ಯೆ 1ಕ್ಕಿಂತ ಕಡಿಮೆಯಿದ್ದರೆ ಮಾರುಕಟ್ಟೆ ನೆಲೆಗೆ ಬರುತ್ತದೆ, ಹೆಚ್ಚಿದ್ದರೆ ಬರುವುದಿಲ್ಲ.

ಇದನ್ನು ಜೇಡರ ಬಲೆಯ ಮಾದರಿ ಎನ್ನುತ್ತಾರೆ. ಏರಿಳಿತವನ್ನು ಬೇಡಿಕೆ, ಪೂರೈಕೆಗಳ ಚಿತ್ರದ ಮೇಲೆ ಗೆರೆ ಎಳೆದು ತೋರಿಸಿದಾಗ ಮೂಡುವ ಆಕಾರದಿಂದ ಬಂದ ಹೆಸರು ಅದು. 1934ರಲ್ಲಿ ನಿಕೊಲಸ್ ಕಾಲ್ಡಾರ್ ಇಟ್ಟದ್ದು. 1938ರಲ್ಲಿ ಮೊರ್ಡೆಕೈ ಎಜೆಕಿಯಲ್ ಇದನ್ನು ವಿಸ್ತಾರವಾಗಿ ನಿರೂಪಿಸಿದರು.

ಪ್ರಶ್ನೆ: ನನ್ನ ಮಗಳ ಪಠ್ಯದಲ್ಲಿ ಈ ಜೇಡರ ಬಲೆಯ ಲೆಕ್ಕವನ್ನು ಕಂಡೆ. ರೈತ ಹೋದ ವರ್ಷದ ಬೆಲೆಯೇ ಈ ವರ್ಷವೂ ಇರುತ್ತದೆ ಎಂದು ನಂಬುತ್ತಾನೆ ಎಂಬುದು ಅದರ ಆಧಾರ. ನಾನು ಕಬ್ಬು ಬೆಳೆಯುವವನು. ನಾವು ಅಷ್ಟು ತಿಳಿವಳಿಕೆ ಇಲ್ಲದವರೇ?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು, ಮತ್ತು ಅರ್ಥಶಾಸ್ತ್ರಜ್ಞರೇ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. 1958ರಲ್ಲಿ ಮಾರ್ಕ್ ನೆರ್ಲೋವ್ ಒಂದು ತಿದ್ದುಪಡಿ ಸೂಚಿಸಿದರು: ರೈತನ ಮನಸ್ಸಿನಲ್ಲಿ ಒಂದು ನಿರೀಕ್ಷೆಯಿರುತ್ತದೆ; ಮಾರುಕಟ್ಟೆಯ ಬೆಲೆ ಅದಕ್ಕಿಂತ ಬೇರೆಯಾದಾಗ ಆ ವ್ಯತ್ಯಾಸದ ಒಂದು ಭಾಗದಷ್ಟು ಮಾತ್ರ ಅವನು ತನ್ನ ನಿರೀಕ್ಷೆಯನ್ನು ಸರಿಪಡಿಸಿಕೊಳ್ಳುತ್ತಾನೆ. ಒಂದು ವರ್ಷದ ಏರಿಕೆಗೆ ಮರುಳಾಗುವುದಿಲ್ಲ, ಒಂದು ವರ್ಷದ ಕುಸಿತಕ್ಕೆ ಎದೆಗುಂದುವುದೂ ಇಲ್ಲ. ಅನುಭವಿ ರೈತರು ಯೋಚಿಸುವ ಬಗೆಗೆ ಇದು ಬಹಳ ಹತ್ತಿರ ಎಂದು ನನಗೆ ಅನ್ನಿಸುತ್ತದೆ.

ಮೇಲಿನ ಉತ್ತರದಲ್ಲಿ ಹಿಗ್ಗುತ್ತ ಹೋದ ಮಾರುಕಟ್ಟೆಯನ್ನೇ ತೆಗೆದುಕೊಂಡು, ಸರಿಪಡಿಸುವ ಭಾಗ ಅರ್ಧ ಎಂದಿಟ್ಟುಕೊಳ್ಳಿ. ರೈತರು ಕ್ವಿಂಟಾಲಿಗೆ 4,400 ರೂಪಾಯಿ ನಿರೀಕ್ಷಿಸಿ ಬೆಳೆದರು. ಬೆಲೆ 3,400ಕ್ಕೆ ಬಿತ್ತು. ಸಾವಿರ ರೂಪಾಯಿ ವ್ಯತ್ಯಾಸದ ಅರ್ಧ ಕಳೆದು ಮುಂದಿನ ವರ್ಷಕ್ಕೆ 3,900 ನಿರೀಕ್ಷಿಸಿದರು. ಬೆಲೆ 4,150 ಬಂತು. ಆಮೇಲೆ ನಿರೀಕ್ಷೆ 4,025, ಬೆಲೆ 3,962.50. ಬೇಡಿಕೆ ಅದೇ, ಪೂರೈಕೆಯ ರೇಖೆ ಅದೇ. ನಿರೀಕ್ಷಿಸುವ ರೀತಿ ಬದಲಾದದ್ದರಿಂದ, ನೆಲೆ ತಪ್ಪಿದ ಮಾರುಕಟ್ಟೆ ನೆಲೆಗೆ ಬಂತು. ನಿರೀಕ್ಷೆಯ ದೂರವನ್ನು ಗುಣಿಸುವ ಸಂಖ್ಯೆ ಋಣ ಒಂದೂವರೆಯಿಂದ ಋಣ ಕಾಲಿಗೆ ಇಳಿದಿದೆ. ರೈತರ ತಾಳ್ಮೆಗೆ ಮಾರುಕಟ್ಟೆಯಲ್ಲಿ ಇಷ್ಟು ತೂಕವಿದೆ ಎಂಬುದನ್ನು ಗಣಿತ ತೋರಿಸಿಕೊಡುತ್ತದೆ. 1961ರಲ್ಲಿ ಜಾನ್ ಮ್ಯೂತ್ ಇನ್ನೂ ಮುಂದೆ ಹೋಗಿ, ಮಾರುಕಟ್ಟೆ ನಡೆಯುವ ಬಗೆಯನ್ನು ಬೆಳೆಗಾರರು ಸರಾಸರಿಯಲ್ಲಿ ಸರಿಯಾಗಿಯೇ ಗ್ರಹಿಸುತ್ತಾರೆ ಎಂದು ಭಾವಿಸಿದರೆ ಈ ಬಲೆಯೇ ಉಳಿಯುವುದಿಲ್ಲ ಎಂದು ವಾದಿಸಿದರು.

ಕಬ್ಬಿನ ಬಗ್ಗೆ ಪಠ್ಯಗಳು ಬಿಟ್ಟುಬಿಡುವ ಇನ್ನೆರಡು ಸಂಗತಿಗಳನ್ನು ನಿಮ್ಮ ಮಗಳಿಗೆ ನೀವೇ ಹೇಳಬಹುದು. ನಾಟಿ ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಕೂಳೆ ಕಬ್ಬು ಬರುತ್ತದೆ. ಹೀಗಾಗಿ ಒಂದು ವರ್ಷದ ತೀರ್ಮಾನ ಮುಂದಿನ ಒಂದೆರಡು ವರ್ಷಗಳ ಪೂರೈಕೆಯನ್ನೂ ಕಟ್ಟಿಹಾಕುತ್ತದೆ, ಮತ್ತು ಸಮೀಕರಣದಲ್ಲಿ ಹಿಂದಿನ ಒಂದು ವರ್ಷದ ಜೊತೆಗೆ ಅದರ ಹಿಂದಿನ ವರ್ಷವೂ ಬಂದು ಕೂರುತ್ತದೆ. ಎರಡನೆಯದು, ಕಾರ್ಖಾನೆಗೆ ಹೋಗುವ ಕಬ್ಬಿಗೆ ಕೇಂದ್ರ ಸರ್ಕಾರ ನ್ಯಾಯೋಚಿತ ಮತ್ತು ಲಾಭದಾಯಕ ಬೆಲೆ ನಿಗದಿ ಮಾಡುತ್ತದೆ, ಬೆಲ್ಲಕ್ಕೆ ಅಂಥ ನಿಗದಿಯಿಲ್ಲ. ಆದ್ದರಿಂದ ಏರಿಳಿತದ ಲೆಕ್ಕವನ್ನು ಕಬ್ಬಿನ ಮೇಲೆ ಮಾಡುವುದಕ್ಕಿಂತ ಬೆಲ್ಲದ ಮೇಲೆ ಮಾಡುವುದೇ ಸರಿ.

ಪ್ರಶ್ನೆ: ಗುಣಕ ಮತ್ತು ವೇಗವರ್ಧಕಗಳನ್ನು ಸೇರಿಸಿದ ಸ್ಯಾಮುಯೆಲ್ಸನ್ ಮಾದರಿಯಲ್ಲಿ ಲಾಕ್ಷಣಿಕ ಸಮೀಕರಣದ ಮೂಲಗಳು ಸಂಕೀರ್ಣ ಸಂಖ್ಯೆಗಳಾಗಿ ಬರುತ್ತವೆ. ರಾಷ್ಟ್ರೀಯ ವರಮಾನವನ್ನು ರೂಪಾಯಿಯಲ್ಲಿ ಎಣಿಸುತ್ತೇವೆ. ಋಣ ಒಂದರ ವರ್ಗಮೂಲಕ್ಕೆ ಅಲ್ಲಿ ಏನು ಕೆಲಸ?
— ಎಂ.ಎ. ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಈ ಪ್ರಶ್ನೆಯನ್ನು ಹೆಚ್ಚಿನ ವಿದ್ಯಾರ್ಥಿಗಳು ಮನಸ್ಸಿನಲ್ಲೇ ಇಟ್ಟುಕೊಂಡು ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ನೀವು ಕೇಳಿದ್ದು ಒಳ್ಳೆಯದಾಯಿತು. ಮೊದಲು ಸಂಕೀರ್ಣ ಸಂಖ್ಯೆಯನ್ನು ಪೂರ್ತಿ ಮರೆತು, ಈ ಮಾದರಿಯನ್ನು ಮಂಡಿಸಿದ 1939ರ ಲೇಖನದಲ್ಲಿ ಪಾಲ್ ಸ್ಯಾಮುಯೆಲ್ಸನ್ ಮಾಡಿದಂತೆಯೇ ಅಂಕಿಗಳ ಪಟ್ಟಿಯಿಂದ ಹೊರಡೋಣ.

ಜನರು ಹಿಂದಿನ ವರ್ಷದ ವರಮಾನದ ಅರ್ಧವನ್ನು ಅನುಭೋಗಕ್ಕೆ ಖರ್ಚು ಮಾಡುತ್ತಾರೆ; ಗುಣಕ ಹುಟ್ಟುವುದು ಇದರಿಂದ. ಅನುಭೋಗ ಎಷ್ಟು ಹೆಚ್ಚಿತೋ ಅಷ್ಟೇ ಹೂಡಿಕೆಯನ್ನು ಉದ್ಯಮಿಗಳು ಮಾಡುತ್ತಾರೆ; ವೇಗವರ್ಧಕ ಎಂದರೆ ಇದು. ಸರ್ಕಾರ ಪ್ರತಿ ವರ್ಷ 100 ಕೋಟಿ ಖರ್ಚು ಮಾಡುತ್ತದೆ. ಮೂರನ್ನೂ ಕೂಡಿದರೆ ಈ ವರ್ಷದ ವರಮಾನ, 100ಕ್ಕೆ ಹಿಂದಿನ ವರ್ಷದ ವರಮಾನವನ್ನು ಸೇರಿಸಿ, ಅದರ ಹಿಂದಿನ ವರ್ಷದ ವರಮಾನದ ಅರ್ಧವನ್ನು ಕಳೆದಷ್ಟು ಎಂದು ಬರುತ್ತದೆ. ಶೂನ್ಯದಿಂದ ಹೊರಟರೆ ವರ್ಷವರ್ಷದ ವರಮಾನ ಹೀಗಿದೆ: 100, 200, 250, 250, 225, 200, 187.5, 187.5, 193.75, 200. ಇದರಲ್ಲಿ ಎಲ್ಲಿಯೂ ಕಾಲ್ಪನಿಕವಾದದ್ದು ಇಲ್ಲ. ವರಮಾನ ಕೊನೆಗೆ ನೆಲೆಯಾಗಬೇಕಾದ ಮಟ್ಟ 200. ಅದನ್ನು ದಾಟಿ ಮೇಲೇರಿ 250 ಮುಟ್ಟಿತು, ಇಳಿದು 187.5 ಮುಟ್ಟಿತು, ಮತ್ತೆ ಏರಿ 200ಕ್ಕೆ ಬಂತು. ಎರಡನೆಯ ವರ್ಷ ಏರುತ್ತ 200 ದಾಟಿದ ವರಮಾನ ಹತ್ತನೆಯ ವರ್ಷ ಮತ್ತೆ ಏರುತ್ತ 200 ದಾಟುತ್ತದೆ. ಅಂದರೆ ಒಂದು ಸುತ್ತಿಗೆ 8 ವರ್ಷ. ಮೇಲಕ್ಕೆ ಹೋದ ದೂರ 50. ನಾಲ್ಕು ವರ್ಷಗಳ ನಂತರ ಕೆಳಕ್ಕೆ ಹೋದ ದೂರ 12.5, ಅದರ ಕಾಲುಭಾಗ.

200ರಿಂದ ಇರುವ ದೂರ ಪ್ರತಿ ವರ್ಷ ಒಂದೇ ಸಂಖ್ಯೆಯಿಂದ ಗುಣಿತವಾಗುತ್ತದೆ ಎಂದಿಟ್ಟುಕೊಂಡರೆ ಆ ಸಂಖ್ಯೆಗೆ ಒಂದು ವರ್ಗ ಸಮೀಕರಣ ಸಿಗುತ್ತದೆ. ಲಾಕ್ಷಣಿಕ ಸಮೀಕರಣ ಎಂದರೆ ಅದೇ. ಈಗ ಅದನ್ನು ಬಿಡಿಸಿ ನೋಡಿ. ಮೂಲಗಳ ಮೊತ್ತ 1, ಗುಣಲಬ್ಧ ಅರ್ಧ. ಅಂಥ ಎರಡು ವಾಸ್ತವ ಸಂಖ್ಯೆಗಳಿಲ್ಲ. ಸಿಗುವ ಮೂಲಗಳೆಂದರೆ ಅರ್ಧಕ್ಕೆ ಅರ್ಧದಷ್ಟು ಕಾಲ್ಪನಿಕ ಭಾಗವನ್ನು ಕೂಡಿದ ಒಂದು ಸಂಖ್ಯೆ, ಕಳೆದ ಇನ್ನೊಂದು ಸಂಖ್ಯೆ. ಇವನ್ನು ಸಮತಲದ ಮೇಲೆ ಬಿಂದುಗಳಾಗಿ ಗುರುತಿಸಿದರೆ ಮೂಲಬಿಂದುವಿನಿಂದ ಅವುಗಳ ದೂರ ಸುಮಾರು 0.707, ಅಕ್ಷದೊಡನೆ ಅವು ಮಾಡುವ ಕೋನ 45 ಡಿಗ್ರಿ. ಪ್ರತಿ ವರ್ಷ ಗುಣಿಸುವುದೆಂದರೆ 45 ಡಿಗ್ರಿ ತಿರುಗಿಸಿ 0.707ರಷ್ಟು ಕುಗ್ಗಿಸುವುದು. 360ನ್ನು 45ರಿಂದ ಭಾಗಿಸಿದರೆ 8: ಪಟ್ಟಿಯಲ್ಲಿ ಕಂಡ ಎಂಟು ವರ್ಷದ ಸುತ್ತು ಇದೇ. 0.707ನ್ನು ನಾಲ್ಕು ಸಲ ಗುಣಿಸಿದರೆ ಕಾಲು: ಪಟ್ಟಿಯಲ್ಲಿ ಕಂಡ ಕುಗ್ಗುವಿಕೆ ಇದೇ. ಎರಡು ಮೂಲಗಳು ಜೋಡಿಯಾಗಿ ಬರುವುದರಿಂದ ಅವುಗಳ ಕಾಲ್ಪನಿಕ ಭಾಗಗಳು ಕೂಡಿಸಿದಾಗ ಒಂದನ್ನೊಂದು ಹೊಡೆದುಹಾಕುತ್ತವೆ ಮತ್ತು ವರಮಾನ ಯಾವಾಗಲೂ ರೂಪಾಯಿಯಲ್ಲಿಯೇ ಉಳಿಯುತ್ತದೆ. ಆವರ್ತವನ್ನು ಒಂದು ಕೋನವಾಗಿಯೂ ಅದರ ಏರುವಿಕೆ ಕುಗ್ಗುವಿಕೆಯನ್ನು ಒಂದು ದೂರವಾಗಿಯೂ ಹಿಡಿದಿಡಲು ಇದಕ್ಕಿಂತ ಅಡಕವಾದ ಸಾಧನವನ್ನು ನಾನು ಕಂಡಿಲ್ಲ. ವ್ಯಾಪಾರ ಚಕ್ರಕ್ಕೆ ಹೊರಗಿನ ಆಘಾತಗಳು ಬೇಕೇಬೇಕೆಂದಿಲ್ಲ, ಎರಡು ಸಾಮಾನ್ಯ ನಡವಳಿಕೆಗಳು ಒಂದಕ್ಕೊಂದು ತಗುಲಿಕೊಂಡರೂ ಚಕ್ರ ಹುಟ್ಟುತ್ತದೆ ಎಂಬುದು ಆ ಲೇಖನದ ಜೀವಾಳ.

ಪ್ರಶ್ನೆ: ಮಾತೃಕೆಯ ಐಗನ್ ಮೌಲ್ಯಗಳನ್ನು ಈ ಮಾದರಿಗಳಿಗೆ ಹೇಗೆ ಹೊಂದಿಸಿ ಕಲಿಸಬಹುದು?
— ಅಧ್ಯಾಪಕರು, ಮಂಡ್ಯ

ಉತ್ತರ: ಮೇಲಿನ ವರಮಾನದ ಸಮೀಕರಣವನ್ನೇ ಬಳಸಿ. ಈ ವರ್ಷದ ಮತ್ತು ಹಿಂದಿನ ವರ್ಷದ ವರಮಾನಗಳು 200ರಿಂದ ಇರುವ ದೂರಗಳನ್ನು ಒಂದರ ಕೆಳಗೊಂದು ಬರೆದರೆ, ಮುಂದಿನ ವರ್ಷದ ಜೋಡಿಯನ್ನು ಕೊಡುವ ಮಾತೃಕೆಯ ಮೊದಲ ಸಾಲು 1 ಮತ್ತು ಋಣ ಅರ್ಧ, ಎರಡನೆಯ ಸಾಲು 1 ಮತ್ತು 0. ಕರ್ಣದ ಮೊತ್ತ 1, ನಿರ್ಧಾರಕ ಅರ್ಧ. ಐಗನ್ ಮೌಲ್ಯಗಳು, ಅಂದರೆ ಮಾತೃಕೆ ತನ್ನ ವಿಶೇಷ ದಿಕ್ಕುಗಳಲ್ಲಿ ಗುಣಿಸುವ ಸಂಖ್ಯೆಗಳು, ಆ ಎರಡು ಮೂಲಗಳೇ. ಎರಡು ಸಾಲು, ಎರಡು ಕಂಬದ ಯಾವುದೇ ಮಾತೃಕೆಗೂ ನಿರ್ಧಾರಕ 1ಕ್ಕಿಂತ ಕಡಿಮೆಯಿದ್ದು, ಕರ್ಣದ ಮೊತ್ತವು ಚಿಹ್ನೆ ಬಿಟ್ಟಾಗ ನಿರ್ಧಾರಕಕ್ಕೆ 1 ಕೂಡಿದ್ದಕ್ಕಿಂತ ಕಡಿಮೆಯಿದ್ದರೆ ವ್ಯವಸ್ಥೆ ನೆಲೆಗೆ ಬರುತ್ತದೆ. ಮೂಲಗಳನ್ನು ಬಿಡಿಸದೆಯೇ ವಿದ್ಯಾರ್ಥಿ ಇದನ್ನು ಪರೀಕ್ಷಿಸಬಹುದು. ಒಂದು ಎಚ್ಚರಿಕೆಯನ್ನು ಮಾತ್ರ ತಪ್ಪದೆ ಕೊಡಿ: ವರ್ಷವರ್ಷಕ್ಕೆ ಹೆಜ್ಜೆಯಿಡುವ ವ್ಯತ್ಯಾಸ ಸಮೀಕರಣದಲ್ಲಿ ಐಗನ್ ಮೌಲ್ಯದ ಪರಿಮಾಣವನ್ನು 1ರೊಡನೆ ಹೋಲಿಸಬೇಕು, ನಿರಂತರ ಕಾಲದ ಅವಕಲ ಸಮೀಕರಣದಲ್ಲಿ ಅದರ ವಾಸ್ತವ ಭಾಗವನ್ನು 0ಯೊಡನೆ ಹೋಲಿಸಬೇಕು. ಎರಡನ್ನೂ ಬೆರೆಸಿಕೊಂಡು ಅಂಕ ಕಳೆದುಕೊಳ್ಳುವವರು ಬಹಳ.

ಪ್ರಶ್ನೆ: ಸೋಲೊ ಮಾದರಿಯಲ್ಲಿ ಉಳಿತಾಯದ ದರ ಹೆಚ್ಚಿದರೆ ದೇಶ ಶ್ರೀಮಂತವಾಗುತ್ತದೆ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ಇಷ್ಟನ್ನು ಹೇಳುವುದಕ್ಕೆ ಅವಕಲ ಸಮೀಕರಣ ಏಕೆ ಬೇಕು?
— ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಟಿಪ್ಪಣಿ ತಲುಪುವ ಜಾಗವನ್ನು ಹೇಳುತ್ತದೆ, ದಾರಿಯನ್ನು ಹೇಳುವುದಿಲ್ಲ, ಆ ದಾರಿಯಲ್ಲಿ ಬದುಕುವವರು ಜನ. 1956ರಲ್ಲಿ ರಾಬರ್ಟ್ ಸೋಲೊ ಅಮೆರಿಕದಲ್ಲಿಯೂ ಟ್ರೆವರ್ ಸ್ವಾನ್ ಆಸ್ಟ್ರೇಲಿಯಾದಲ್ಲಿಯೂ ಪ್ರತ್ಯೇಕವಾಗಿ ಮಂಡಿಸಿದ ಈ ಮಾದರಿಯಲ್ಲಿ, ಒಬ್ಬ ಕೆಲಸಗಾರನ ಪಾಲಿನ ಬಂಡವಾಳ ಉಳಿತಾಯದಿಂದ ಬೆಳೆಯುತ್ತದೆ, ಸವಕಳಿ ಮತ್ತು ಜನಸಂಖ್ಯೆಯ ಏರಿಕೆಯಿಂದ ಕರಗುತ್ತದೆ. ಉತ್ಪನ್ನ ಬಂಡವಾಳದ ವರ್ಗಮೂಲದಷ್ಟು ಇರಲಿ. ಸವಕಳಿ ಮತ್ತು ಜನಸಂಖ್ಯಾ ಏರಿಕೆ ಎರಡೂ ಸೇರಿ ವರ್ಷಕ್ಕೆ ಶೇ. 5 ಇರಲಿ. ಉಳಿತಾಯ ಶೇ. 20 ಇದ್ದಾಗ ಬಂಡವಾಳ 16ರಲ್ಲಿ ನಿಲ್ಲುತ್ತದೆ, ಉತ್ಪನ್ನ 4, ಅನುಭೋಗ 3.2. ಉಳಿತಾಯವನ್ನು ಶೇ. 30ಕ್ಕೆ ಏರಿಸಿದರೆ ಕೊನೆಗೆ ಬಂಡವಾಳ 36, ಉತ್ಪನ್ನ 6, ಅನುಭೋಗ 4.2. ಎರಡು ನೆಲೆಗಳನ್ನು ಮಾತ್ರ ಹೋಲಿಸಿದವರಿಗೆ ಇದು ಲಾಭವೇ ಲಾಭ.

ಆದರೆ ದರ ಏರಿಸಿದ ದಿನ ಬಂಡವಾಳ ಇನ್ನೂ 16ರಲ್ಲೇ ಇದೆ, ಉತ್ಪನ್ನ 4ರಲ್ಲೇ ಇದೆ, ಅದರ ಶೇ. 70 ಎಂದರೆ ಅನುಭೋಗ 2.8ಕ್ಕೆ ಇಳಿಯಿತು. ಅದು ಮತ್ತೆ 3.2ಕ್ಕೆ ಏರಲು ಎಷ್ಟು ವರ್ಷ ಬೇಕು? ಇದಕ್ಕೆ ಅವಕಲ ಸಮೀಕರಣವೇ ಬೇಕು. ಬಂಡವಾಳದ ಬದಲು ಅದರ ವರ್ಗಮೂಲವನ್ನು ಹೊಸ ಚರವಾಗಿ ಇಟ್ಟುಕೊಂಡರೆ ಬಾಗಿದ ಸಮೀಕರಣ ನೇರವಾಗುತ್ತದೆ: ವರ್ಗಮೂಲ ಬದಲಾಗುವ ವೇಗ, ಉಳಿತಾಯ ದರದ ಅರ್ಧದಲ್ಲಿ ವರ್ಗಮೂಲದ 0.025ರಷ್ಟನ್ನು ಕಳೆದಷ್ಟು. ಹೀಗಾಗಿ ಗುರಿಯಿಂದ ಇರುವ ದೂರ ವರ್ಷಕ್ಕೆ ಶೇ. 2.5ರ ವೇಗದಲ್ಲಿ ಕರಗುತ್ತದೆ, ಅರ್ಧ ಕರಗಲು ಸುಮಾರು 28 ವರ್ಷ ಹಿಡಿಯುತ್ತದೆ. ಅನುಭೋಗ 3.2 ಆಗಬೇಕಾದರೆ ವರ್ಗಮೂಲ ಸುಮಾರು 4.57 ಆಗಬೇಕು, ಅಂದರೆ 6ರಿಂದ ಅದರ ದೂರ 2ರಿಂದ ಸುಮಾರು 1.43ಕ್ಕೆ ಇಳಿಯಬೇಕು. 1.4ರ ಸ್ವಾಭಾವಿಕ ಲಾಗರಿದಮ್ಮನ್ನು 0.025ರಿಂದ ಭಾಗಿಸಿದರೆ ಸುಮಾರು ಹದಿಮೂರೂವರೆ ವರ್ಷ. ಅಷ್ಟು ಕಾಲ ಜನ ಮೊದಲಿಗಿಂತ ಕಡಿಮೆ ಉಂಡು, ಕಡಿಮೆ ಉಟ್ಟು ಬದುಕಬೇಕು. ಆ ಅವಧಿಯಲ್ಲಿ ಮುಪ್ಪಾದವರಿಗೆ ಕೊನೆಯ 4.2 ಕಾಣಸಿಗದು. ಯೋಜನೆಗಳ ಕಾಲದಿಂದಲೂ ನಮ್ಮ ದೇಶದಲ್ಲಿ ಉಳಿತಾಯದ ಬಗ್ಗೆ ನಡೆದ ಚರ್ಚೆಯಲ್ಲಿ ಈ ನಡುವಿನ ವರ್ಷಗಳ ಲೆಕ್ಕಕ್ಕೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಎಷ್ಟು ಉಳಿಸುವುದು ಸರಿ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ಸೋಲೊಗಿಂತ ಮೊದಲೇ, 1928ರಲ್ಲಿ, ಫ್ರಾಂಕ್ ರಾಮ್ಸೆ ಎಂಬ ಇಂಗ್ಲಿಷ್ ಗಣಿತಜ್ಞ ಎತ್ತಿದ್ದರು. 1930ರಲ್ಲಿ ತೀರಿಕೊಂಡಾಗ ಅವರಿಗೆ 26 ವರ್ಷ. ಇಂದು ಸ್ನಾತಕೋತ್ತರ ಪಠ್ಯಗಳಲ್ಲಿರುವ ಬೆಳವಣಿಗೆಯ ಮಾದರಿಗಳಲ್ಲಿ ಹಲವು ಅವರ ಆ ಲೇಖನದಿಂದ ಕವಲೊಡೆದವು.

ಪ್ರಶ್ನೆ: ಈ ಲೆಕ್ಕಗಳನ್ನೆಲ್ಲ ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ. ಕೈಯಲ್ಲಿ ಮಾಡಿ ಕಲಿಯಬೇಕೇ?
— ವಿದ್ಯಾರ್ಥಿ, ಮಳವಳ್ಳಿ

ಉತ್ತರ: ಮೊದಲ ಐದಾರು ಹೆಜ್ಜೆಗಳನ್ನು ಕೈಯಲ್ಲಿ ಮಾಡಿ, ಆಮೇಲೆ ಸ್ಪ್ರೆಡ್‌ಶೀಟಿನಲ್ಲಿ ನೂರು ಹೆಜ್ಜೆ ಓಡಿಸಿ. ಒಂದು ಕಂಬದಲ್ಲಿ ವರ್ಷ, ಇನ್ನೊಂದರಲ್ಲಿ ಬೆಲೆ, ಮೂರನೆಯದರಲ್ಲಿ ಸಮತೋಲನದಿಂದ ದೂರ ಇದ್ದರೆ ಸಾಕು. ಮೂರನೆಯ ಕಂಬವನ್ನು ಬಿಡಬೇಡಿ. ಕಣ್ಣಿಗೆ ಕಾಣಬೇಕಾದದ್ದು ಅದರಲ್ಲೇ ಇದೆ.

ಪ್ರಶ್ನೆ: ಬೆಲ್ಮನ್ ಸಮೀಕರಣದ ಎರಡೂ ಬದಿಗಳಲ್ಲಿ ಮೌಲ್ಯದ ಫಲನ ಇದೆ. ಅದೇ ಗೊತ್ತಿಲ್ಲದಿರುವಾಗ ಬಿಡಿಸುವುದು ಹೇಗೆ? ನಮ್ಮ ಕಡೆಯದೇ ಒಂದು ಉದಾಹರಣೆ ಕೊಡಿ.
— ಎಂ.ಎ. ವಿದ್ಯಾರ್ಥಿ, ಮದ್ದೂರು

ಉತ್ತರ: ನಿಮ್ಮ ಕಡೆ ನಾಲೆಗಳಿಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುವುದನ್ನು ನೋಡಿದ್ದೀರಿ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ಬರುತ್ತವೆ. ಚಲನಶೀಲ ಮಾದರಿಯ ಮೂರು ಅಂಗಗಳು ಇವೇ: ಸಂಗ್ರಹ, ಅದಕ್ಕೆ ಸೇರುವುದು, ಅದರಿಂದ ಹೋಗುವುದು. ಇವುಗಳಲ್ಲಿ ನಮ್ಮ ಕೈಯಲ್ಲಿರುವುದು ಬಿಡುವ ನೀರು ಮಾತ್ರ.

ಒಂದು ಸಣ್ಣ ಕೆರೆಯಲ್ಲಿ 37 ಘಟಕ ನೀರಿದೆ, ಮೂರು ಕಟ್ಟು ಬಿಡಬೇಕಿದೆ ಎನ್ನಿ. ಒಂದು ಕಟ್ಟಿನಿಂದ ಬರುವ ಫಸಲು, ಬಿಟ್ಟ ನೀರಿನ ವರ್ಗಮೂಲದಷ್ಟು. ಕಟ್ಟಿನಿಂದ ಕಟ್ಟಿಗೆ ಕಾಯುವಾಗ ಉಳಿಸಿದ ನೀರಿನ ಕಾಲುಭಾಗ ಆವಿಯಾಗಿ, ಇಂಗಿ ಹೋಗುತ್ತದೆ. ಮೂರೂ ಕಟ್ಟುಗಳಿಗೆ ಸಮವಾಗಿ ಹಂಚಬೇಕೆಂದರೆ 9, 9, 9 ಬಿಡಬಹುದು: 37ರಲ್ಲಿ 9 ಹೋಗಿ 28, ಅದರ ಮುಕ್ಕಾಲು 21, 9 ಹೋಗಿ 12, ಅದರ ಮುಕ್ಕಾಲು 9. ಒಟ್ಟು ಫಸಲು ಮೂರು ಮೂರರಂತೆ 9. ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವೇ?

1950ರ ದಶಕದಲ್ಲಿ ರಿಚರ್ಡ್ ಬೆಲ್ಮನ್ ತೋರಿಸಿದ ಉಪಾಯ, ಕೊನೆಯಿಂದ ಹಿಂದಕ್ಕೆ ಬರುವುದು. ಕೊನೆಯ ಕಟ್ಟಿನಲ್ಲಿ ಯೋಚನೆಯೇ ಬೇಡ, ಇದ್ದದ್ದನ್ನೆಲ್ಲ ಬಿಡಬೇಕು. ಆಗ ನೀರಿನ ಮೌಲ್ಯ, ಅಂದರೆ ಅದರಿಂದ ಇನ್ನು ಮುಂದೆ ಸಿಗಬಹುದಾದ ಅತಿ ಹೆಚ್ಚು ಫಸಲು, ಅದರ ವರ್ಗಮೂಲ. ಹೀಗೆ ಕೊನೆಯ ಫಲನ ಗೊತ್ತಾಯಿತು. ಅದರ ಹಿಂದಿನ ಕಟ್ಟಿನಲ್ಲಿ ನಿಂತು, ಈಗ ಬಿಡುವ ಕೊನೆಯ ಘಟಕದ ಲಾಭವನ್ನು, ಅದನ್ನು ಉಳಿಸಿದರೆ ಮುಕ್ಕಾಲಾಗಿ ಬರುವ ನೀರಿನ ಲಾಭಕ್ಕೆ ಸಮ ಮಾಡಿ. ವರ್ಗಮೂಲದ ಅವಕಲನ ಗೊತ್ತಿದ್ದರೆ ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ: ಇರುವ ನೀರಿನ ಏಳರಲ್ಲಿ ನಾಲ್ಕು ಭಾಗ ಬಿಡಬೇಕು, ಮತ್ತು ಎರಡು ಕಟ್ಟುಗಳು ಬಾಕಿಯಿರುವಾಗ ನೀರಿನ ಮೌಲ್ಯ, ಅದರ 1.75ರಷ್ಟರ ವರ್ಗಮೂಲ. ಎರಡನೆಯ ಫಲನವೂ ಸಿಕ್ಕಿತು. ಅದನ್ನು ಹಿಡಿದು ಇನ್ನೊಂದು ಹೆಜ್ಜೆ ಹಿಂದಕ್ಕೆ ಬಂದರೆ ಮೊದಲ ಕಟ್ಟಿನಲ್ಲಿ 37ರಲ್ಲಿ 16 ಭಾಗ ಬಿಡಬೇಕೆಂದು ತಿಳಿಯುತ್ತದೆ. ಈಗಿನ ನೀರಿನ ಮೌಲ್ಯವೆಂದರೆ ಈಗಿನ ಫಸಲು ಮತ್ತು ಉಳಿಸಿದ ನೀರಿನ ಮುಂದಿನ ಮೌಲ್ಯ ಇವೆರಡರ ಗರಿಷ್ಠ ಮೊತ್ತ ಎಂಬುದೇ ಬೆಲ್ಮನ್ ಸಮೀಕರಣ. ನಿಮ್ಮ ಪ್ರಶ್ನೆಗೆ ಉತ್ತರ ಇದೇ: ಸಮೀಕರಣದ ಬಲಬದಿಯ ಫಲನ ಮುಂದಿನ ಕಟ್ಟಿನದು, ಎಡಬದಿಯದು ಈಗಿನದು, ಹಿಂದಿನಿಂದ ಬಂದರೆ ಬಲಬದಿ ಯಾವಾಗಲೂ ಮೊದಲೇ ಗೊತ್ತಿರುತ್ತದೆ. ಕೊನೆಯೇ ಇಲ್ಲದ ಸಮಸ್ಯೆಗಳಲ್ಲಿ ಒಂದು ಊಹೆಯಿಂದ ಹೊರಟು ಎಡಬದಿಯನ್ನು ಲೆಕ್ಕ ಹಾಕಿ, ಅದನ್ನೇ ಮತ್ತೆ ಬಲಬದಿಗೆ ಇಡುತ್ತ ಹೋಗುತ್ತೇವೆ. ಭವಿಷ್ಯವನ್ನು ಸೋಡಿ ಕಳೆದು, ಅಂದರೆ ಮುಂದಿನ ಲಾಭಕ್ಕೆ ಇಂದಿನದಕ್ಕಿಂತ ಕಡಿಮೆ ತೂಕ ಕೊಟ್ಟು, ಎಣಿಸುವಾಗ, ಪ್ರತಿಫಲಗಳಿಗೆ ಒಂದು ಮೇರೆಯಿದ್ದರೆ, ಎರಡೂ ಬದಿಗಳು ಒಂದಾಗುವತ್ತ ಸಾಗುತ್ತವೆ.

ಈಗ ಮುಂದಕ್ಕೆ ನಡೆಯಿರಿ. ಮೊದಲು 16 ಬಿಟ್ಟು 21 ಉಳಿಸಿದರೆ 15.75 ಸಿಗುತ್ತದೆ. ಅದರಲ್ಲಿ ಏಳರಲ್ಲಿ ನಾಲ್ಕು ಭಾಗ 9, ಉಳಿದ 6.75ರಲ್ಲಿ ಕೊನೆಗೆ 5.0625. ಫಸಲು 4, 3, 2.25, ಒಟ್ಟು 9.25. ಸಮ ಹಂಚಿಕೆಗಿಂತ ಹೆಚ್ಚು. ಕಾಯುವುದರಿಂದ ನೀರು ನಷ್ಟವಾಗುವುದಾದರೆ ಮೊದಲು ಹೆಚ್ಚು ಬಿಡುವುದೇ ಮೇಲು. ಮೊದಲ ಕಟ್ಟಿನಲ್ಲಿ ಇನ್ನೊಂದು ಘಟಕ ನೀರು ಸಿಕ್ಕಿದ್ದರೆ ಒಟ್ಟು ಫಸಲು ಸುಮಾರು ಒಂದು ಘಟಕದ ಎಂಟನೆಯ ಒಂದು ಭಾಗದಷ್ಟು (0.125) ಹೆಚ್ಚುತ್ತಿತ್ತು. ನೀರಿನ ಛಾಯಾ ಬೆಲೆ ಎಂದರೆ ಅದು. ನೀವು ಲಗ್ರಾಂಜ್ ಗುಣಕದ ವಿಧಾನದಲ್ಲಿ ಬಿಡಿಸಿದರೂ ಗುಣಕವಾಗಿ ಬರುವ ಸಂಖ್ಯೆ ಅದೇ ಎಂಟನೆಯ ಒಂದು. ಪೊಂಟ್ರಿಯಾಗಿನ್ ಮತ್ತು ಅವರ ಸಂಗಡಿಗರು ರೂಪಿಸಿದ ಗರಿಷ್ಠ ತತ್ವದಲ್ಲಿ ಬರುವ ಸಹಸ್ಥಿತಿ ಚರವೂ ಇದೇ ಛಾಯಾ ಬೆಲೆ. ಮೂರು ವಿಧಾನಗಳಲ್ಲೂ ಈ ಒಂದೇ ಸಮಸ್ಯೆಯನ್ನು ಬಿಡಿಸಿ ನೋಡಿ.

ಇನ್ನು ಮಳೆಯ ಅನಿಶ್ಚಿತತೆ. ನೀರು ಪೋಲಾಗದ ಕೆರೆಯಲ್ಲಿ 16 ಘಟಕ ಇದೆ, ಎರಡು ಕಟ್ಟು ಬಾಕಿ ಇವೆ, ನಡುವೆ ಖಚಿತವಾಗಿ 9 ಘಟಕ ಮಳೆ ನೀರು ಬರುತ್ತದೆ ಎಂದರೆ ಈಗ 12.5 ಬಿಟ್ಟು 3.5 ಉಳಿಸಬೇಕು. ಅದೇ ಮಳೆ ಪೂರ್ತಿ ಕೈಕೊಡಬಹುದು ಅಥವಾ 18 ಘಟಕ ತರಬಹುದು, ಎರಡಕ್ಕೂ ಸಮಾನ ಸಂಭವ ಎಂದಿಟ್ಟುಕೊಳ್ಳಿ. ಸರಾಸರಿ ಈಗಲೂ 9. ಬಲಬದಿಯ ಫಲನದ ಜಾಗದಲ್ಲಿ ಎರಡು ಸಾಧ್ಯತೆಗಳ ಸರಾಸರಿ ಮೌಲ್ಯವನ್ನು ಇಟ್ಟು ಬಿಡಿಸಿದರೆ ಉಳಿಸಬೇಕಾದದ್ದು ಸುಮಾರು 5.7 ಘಟಕ. ನೀರು ಕಡಿಮೆಯಾದಂತೆ ಪ್ರತಿ ಘಟಕದ ಸೀಮಾಂತ ಲಾಭ ಏರುವ ವೇಗವೂ ಹೆಚ್ಚುವುದೇ ಇದಕ್ಕೆ ಕಾರಣ. ಅನುಭೋಗ ಸಿದ್ಧಾಂತದಲ್ಲಿ ಮುನ್ನೆಚ್ಚರಿಕೆಯ ಉಳಿತಾಯ ಎಂದು ಮುಂದೆ ನೀವು ಓದುವುದು ಇದೇ ಲೆಕ್ಕವನ್ನು.